ತೊಂಬತ್ತರ ದಶಕದ ಪಿನ್‌ಬಾಲ್ ಯಂತ್ರ: ವರ್ಷಗಟ್ಟಲೆ ಮನೆಯಲ್ಲಿಟ್ಟುಕೊಂಡವರ ವಿಮರ್ಶೆ

ಶಿಕಾಗೋ ಸುತ್ತಮುತ್ತ ಇರುವವರಿಗೆ ಹಳೆಯ ಪಿನ್‌ಬಾಲ್ ಯಂತ್ರ ಸಿಗುವುದು ಕಷ್ಟವಲ್ಲ. ಇದು ನಾಣ್ಯ ಹಾಕಿ, ಓರೆ ಹಲಗೆಯ ಮೇಲೆ ಉಕ್ಕಿನ ಚೆಂಡನ್ನು ಹೊಡೆದು ಅಂಕ ಗಳಿಸುವ ಆಟದ ಯಂತ್ರ. ಹೆಸರುವಾಸಿ ಯಂತ್ರಗಳಲ್ಲಿ ಬಹುಪಾಲು ತಯಾರಾದದ್ದೇ ಇಲ್ಲಿ. ನನ್ನದು 1990ರ ದಶಕದ ಮೊದಲರ್ಧದ್ದು, ಬಾರೊಂದರಲ್ಲಿ ದುಡಿದು ಬಂದದ್ದು. ಇಷ್ಟು ವರ್ಷವಾದರೂ ಮನೆಗೆ ಬಂದ ಮಕ್ಕಳು ಮೊದಲು ಓಡುವುದು ಅದರ ಕಡೆಗೇ. ಆಟದ ಬಗ್ಗೆ ಎರಡು ಮಾತಿಲ್ಲ. ಹೇಳಬೇಕಿರುವುದು ರಿಪೇರಿಯ ಬಗ್ಗೆ. ಯಂತ್ರ ಕೆಟ್ಟ ಕೂಡಲೇ "ಬೋರ್ಡ್ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆ) ಹೋಗಿದೆ" ಅನ್ನುವವರೇ ಜಾಸ್ತಿ. ನಾನು ಕಂಡಂತೆ ಬೋರ್ಡ್ ಹೋಗಿರುವುದು ತೀರಾ ಅಪರೂಪ.

ಮೊದಲು ಸೊರಗಿದ್ದು ಎಡಗಡೆಯ ಫ್ಲಿಪ್ಪರ್, ಅಂದರೆ ಗುಂಡಿ ಒತ್ತಿದಾಗ ಚೆಂಡನ್ನು ಮೇಲಕ್ಕೆ ಹೊಡೆಯುವ ಪುಟ್ಟ ತೋಳು. ಚೆಂಡು ರ‍್ಯಾಂಪಿನ ಅರ್ಧಕ್ಕೆ ಹೋಗಿ ವಾಪಸ್ ಜಾರುತ್ತಿತ್ತು. ಆಟದ ಹಲಗೆ ಎತ್ತಿ ನಿಲ್ಲಿಸಿ ಅಡಿಗೆ ಟಾರ್ಚ್ ಬಿಟ್ಟರೆ, ಫ್ಲಿಪ್ಪರನ್ನು ಎಳೆಯುವ ಕಾಯಿಲ್ (ವಿದ್ಯುತ್ಕಾಂತದ ಸುರುಳಿ) ಸುತ್ತ ಕಪ್ಪು ಪುಡಿ. ಕಾಯಿಲ್ ಒಳಗೆ ಹೋಗಿಬರುವ ಪ್ಲಂಜರ್ ಬಡಿದು ಬಡಿದು ತುದಿ ಅಣಬೆಯ ಹಾಗೆ ಅಗಲವಾಗಿ, ನೈಲಾನ್ ಸ್ಲೀವನ್ನು ಒಳಗಿನಿಂದ ಕೆರೆಯುತ್ತಿತ್ತು. ಪ್ಲಂಜರ್, ಸ್ಲೀವ್, ಸ್ಟಾಪ್ ಮೂರನ್ನೂ ಬದಲಿಸಿದೆ. ಕಾಯಿಲ್ ಹಳೆಯದೇ ಉಳಿಯಿತು. 80 ಗ್ರಾಂ ತೂಕದ ಉಕ್ಕಿನ ಚೆಂಡು ಮತ್ತೆ ಸಲೀಸಾಗಿ ರ‍್ಯಾಂಪ್ ಹತ್ತಿತು. ಫ್ಲಿಪ್ಪರ್ ಪೂರ್ತಿ ಎದ್ದಿದೆಯೆಂದು ತಿಳಿಸುವ ಇಓಎಸ್ ಸ್ವಿಚ್ಚನ್ನೂ ಆಗಲೇ ನೋಡಿಕೊಳ್ಳಬೇಕು. ನನ್ನ ಯಂತ್ರದಲ್ಲಿ ಅದು ಕಡಿಮೆ ವೋಲ್ಟೇಜಿನದು, ಚಿನ್ನದ ಲೇಪವಿದೆ. ಅರದಿಂದ ಉಜ್ಜಿದರೆ ಲೇಪ ಹೋಗುತ್ತದೆ. ನಡುವೆ ವಿಸಿಟಿಂಗ್ ಕಾರ್ಡ್ ತೂರಿಸಿ ಮೆಲ್ಲಗೆ ಎಳೆದರೆ ಸಾಕು. 1980ರ ದಶಕದ ಯಂತ್ರಗಳಲ್ಲಿ ಕಾಯಿಲಿನ ಜೋರು ಕರೆಂಟ್ ಇದೇ ಸ್ವಿಚ್ಚಿನ ಮೂಲಕ ಹೋಗುತ್ತದೆ. ಅಲ್ಲಿ ಅರವೇ ಬೇಕು.

ಸ್ವಿಚ್‌ಗಳ ವಿಷಯ ಇನ್ನೂ ಸ್ವಾರಸ್ಯ. ಎಂಟು ಅಡ್ಡಸಾಲು, ಎಂಟು ಕಂಬಸಾಲಿನ ಜಾಲದಲ್ಲಿ ಎಲ್ಲವೂ ಹೆಣೆದುಕೊಂಡಿವೆ, ಒಂದೊಂದಕ್ಕೂ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಭಾಗ). ಡಯೋಡ್ ಶಾರ್ಟ್ ಆಗಿದ್ದರೆ, ಜಾಲದ ಮೂರು ಮೂಲೆಯ ಸ್ವಿಚ್‌ಗಳು ಒಟ್ಟಿಗೆ ಮುಚ್ಚಿದಾಗ ಯಾರೂ ಮುಟ್ಟದ ನಾಲ್ಕನೆಯದೂ ಒತ್ತಿದಂತೆ ಯಂತ್ರಕ್ಕೆ ಕಾಣುತ್ತದೆ. ಚೆಂಡು ಸೋಕದ ಟಾರ್ಗೆಟ್‌ಗೆ ಅಂಕ ಬೀಳತೊಡಗಿದಾಗ ನಾನು ಆ ಟಾರ್ಗೆಟ್ಟನ್ನು ಬಿಟ್ಟು, ಕೈಪಿಡಿಯ ಜಾಲದ ಚಿತ್ರ ಹಿಡಿದು ಅಕ್ಕಪಕ್ಕದ ಡಯೋಡ್‌ಗಳಿಗೆ ಮೀಟರ್ ಇಟ್ಟೆ. ಸಿಕ್ಕಿತು. ಹೊಸ ಡಯೋಡ್, ಎರಡು ಬೆಸುಗೆ, ಅಷ್ಟೇ. ಇಡೀ ಸಾಲೇ ಸತ್ತಿದ್ದರೆ ಒಂದೊಂದೇ ಸ್ವಿಚ್ ನೋಡುತ್ತಾ ಕೂರಬೇಡಿ. ಎಲ್ಲೋ ತಂತಿ ಬಿಟ್ಟಿರುತ್ತದೆ, ಇಲ್ಲವೇ ಕನೆಕ್ಟರ್ ಸಡಿಲವಾಗಿರುತ್ತದೆ.

ಸ್ವಿಚ್ ಟೆಸ್ಟ್, ಕಾಯಿಲ್ ಟೆಸ್ಟ್ ಎಲ್ಲ ಯಂತ್ರದಲ್ಲೇ ಇವೆ. ಇಷ್ಟು ಒಳ್ಳೆಯ ವ್ಯವಸ್ಥೆ ಇವತ್ತಿನ ವಾಷಿಂಗ್ ಮೆಷಿನ್‌ನಲ್ಲೂ ನಾನು ನೋಡಿಲ್ಲ. ಒಂದು ಗಮನದಲ್ಲಿರಲಿ: ನಾಣ್ಯದ ಬಾಗಿಲು ತೆರೆದಿದ್ದರೆ ಸುರಕ್ಷತೆಗಾಗಿ ಕಾಯಿಲ್‌ಗಳ ಕರೆಂಟ್ ಕಡಿತವಾಗುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಫ್ಯೂಸ್ ಬದಲಿಸುತ್ತಾ ಕೂರುತ್ತಾರೆ. ಫ್ಯೂಸ್ ನಿಜವಾಗಿಯೂ ಹಾರಿದ್ದರೆ ದೊಡ್ಡದು ಹಾಕಬೇಡಿ, ಹಾರಿದ ಕಾರಣ ಹುಡುಕಿ.

ಹಿನ್ನೆಲೆ ದೀಪಗಳು 6.3 ವೋಲ್ಟಿನವು. ಹಳೆಯ 44 ನಂಬರ್ ಬಲ್ಬ್ ಒಂದೊಂದೂ ಕಾಲು ಆಂಪಿಯರ್ ಎಳೆಯುತ್ತದೆ. ಸೇರಿಸಿದರೆ ಭಾರ ಸಣ್ಣದಲ್ಲ, ಕನೆಕ್ಟರ್ ಕಂದುಬಣ್ಣಕ್ಕೆ ಸುಟ್ಟಿತ್ತು. ಪಿನ್ನು, ಸಾಕೆಟ್ಟು ಎರಡನ್ನೂ ಬದಲಿಸಿ ಎಲ್‌ಇಡಿ ಹಾಕಿದ ಮೇಲೆ ಅದು ಬಿಸಿಯೇ ಆಗುತ್ತಿಲ್ಲ.

ಬಿಡಿಭಾಗ ಇವತ್ತಿಗೂ ಸಿಗುತ್ತವೆ, ಬೆಸುಗೆ ಬರುವವರು ಧೈರ್ಯವಾಗಿ ಕೊಳ್ಳಬಹುದು. ಆದರೆ ದುಡ್ಡು ಕೊಡುವ ಮೊದಲು ಹಿಂಬದಿಯ ಪೆಟ್ಟಿಗೆ ತೆಗೆಸಿ ನೋಡಿ. ಸಿಪಿಯು ಬೋರ್ಡಿನ ಮೇಲೆ ಮೂರು ಎಎ ಬ್ಯಾಟರಿ ಇರುತ್ತವೆ. ಬೋರ್ಡನ್ನು ನಿಜವಾಗಿ ಕೊಲ್ಲುವುದು ಅವುಗಳಿಂದ ಸೋರುವ ಕ್ಷಾರ. ನಾನು ತಂತಿ ಎಳೆದು ಅವನ್ನು ಬೋರ್ಡಿನಿಂದ ದೂರ ಇಟ್ಟಿದ್ದೇನೆ. ಅಲ್ಲಿ ಹಸಿರು ಪಾಚಿ ಕಂಡರೆ ಬೆಲೆ ಇಳಿಸಿ ಕೇಳಿ, ಇಳಿಸದಿದ್ದರೆ ಬೇರೆ ಯಂತ್ರ ನೋಡಿ.