ಮೂರು ಸ್ಟಾರ್ ಕೊಟ್ಟಿದ್ದೇನೆ, ಆದರೆ ತಪ್ಪು ಸಪ್ಲೈಯರ್‌ಗಳದ್ದಲ್ಲ

ಈ ರೆಸ್ಟೋರೆಂಟಿಗೆ ನಾಲ್ಕು ವರ್ಷದಿಂದ ಹೋಗುತ್ತಿದ್ದೇನೆ. ಹೆಸರು ಬರೆಯುವುದಿಲ್ಲ, ಯಾಕೆಂದರೆ ನಾನು ಹೇಳುವ ಮಾತು ಇದೊಂದೇ ಜಾಗದ್ದಲ್ಲ. ಊಟ ಚೆನ್ನಾಗಿದೆ, ಜಾಗ ಶುಚಿಯಾಗಿದೆ. ಸರ್ವೀಸ್ ಮಾತ್ರ ನಿಧಾನ. ಆರ್ಡರ್ ಅದಲುಬದಲಾಗುತ್ತದೆ, ನೀರಿಗೂ ಎರಡೆರಡು ಸಲ ಕರೆಯಬೇಕು. ಹಳೆಯ ರಿವ್ಯೂಗಳಲ್ಲಿ ಎಲ್ಲರೂ ಇದನ್ನೇ ಬರೆದು ಸಪ್ಲೈಯರ್‌ಗಳನ್ನು ಬೈದಿದ್ದಾರೆ. ಅದನ್ನು ಓದಿ ಬೇಜಾರಾಗಿಯೇ ಬರೆಯಲು ಕೂತೆ.

ಮೊನ್ನೆ ರಾತ್ರಿ ಮುಚ್ಚುವ ಹೊತ್ತಿಗೆ ಹೋಗಿದ್ದೆ. ಬಡಿಸಿದ ಹುಡುಗಿ ಬಿಲ್ ತಂದಿಟ್ಟು, ಯಾರೂ ನೋಡುತ್ತಿಲ್ಲ ಅಂದುಕೊಂಡು, ಗೋಡೆಗೆ ಒರಗಿ ಒಂದು ಕಾಲನ್ನು ಮೆಲ್ಲಗೆ ಚಪ್ಪಲಿಯಿಂದ ಹೊರಗೆ ತೆಗೆದಳು. ಪಾದ ಊದಿತ್ತು, ಪಟ್ಟಿ ಒತ್ತಿದ ಜಾಗದಲ್ಲಿ ಕೆಂಪು ಗೆರೆ ಬಿದ್ದಿತ್ತು. ಕೂತ್ಕೋ ಅಂದರೆ ಕೂರಲಿಲ್ಲ. ಬೆಳಿಗ್ಗೆ ಬೇರೆ ಕಡೆ ಕ್ಲೀನಿಂಗ್ ಕೆಲಸ, ಮಧ್ಯಾಹ್ನದಿಂದ ಇಲ್ಲಿ. "ಒಂದೇ ಕೆಲಸ ಮಾಡಿದ್ರೆ ಬಾಡಿಗೆ ಕಟ್ಟೋಕೇ ಆಗುತ್ತೆ ಮೇಡಂ, ಮಿಕ್ಕಿದ್ದಕ್ಕೆ ಏನು ಮಾಡೋದು?" ಅಂದಳು. ಬೆಳಗಿನಿಂದ ನಿಂತೇ ಇರುವವಳು ನಮ್ಮ ಆರ್ಡರ್ ಮರೆತರೆ ಅದನ್ನು ಸೋಮಾರಿತನ ಅನ್ನಬಹುದಾ? ಅವಳಿಗೆ ಕೊಡುವ ಸಂಬಳ ಕಾನೂನು ಹೇಳಿದಷ್ಟೇ ಇದೆ. ಒಂದು ಪೈಸೆ ಕಡಿಮೆ ಇಲ್ಲ, ಜಾಸ್ತಿಯೂ ಇಲ್ಲ. ಅಂದರೆ ಕಾನೂನು ಹೇಳುವ ಆ ಮೊತ್ತವೇ ಬದುಕಲು ಸಾಲುವುದಿಲ್ಲ.

ನಾಲ್ಕು ವರ್ಷದಲ್ಲಿ ಇಲ್ಲಿ ಅದೆಷ್ಟು ಮುಖ ಬದಲಾದವೋ. ಟೇಬಲ್ ನಂಬರ್ ಬಾಯಿಪಾಠ ಆಗುವಷ್ಟರಲ್ಲಿ ಬಿಟ್ಟು ಹೋಗುತ್ತಾರೆ. ಮತ್ತೆ ಹೊಸಬರು, ಮತ್ತೆ ಮೊದಲಿನಿಂದ ಕಲಿಸಬೇಕು. ಇದು ಮಾಲೀಕರಿಗೂ ನಷ್ಟವೇ ಅಲ್ವಾ? 1914ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಯಲ್ಲಿ ದಿನಕ್ಕೆ 5 ಡಾಲರ್ ಕೊಡಲು ಶುರು ಮಾಡಿದ್ದು ಕೂಡ ಜನ ಬಂದ ಹಾಗೇ ಬಿಟ್ಟು ಹೋಗುತ್ತಿದ್ದರು ಅಂತ. ಸಂಬಳ ಏರಿತು, ಜನ ನಿಂತರು.

ಮಾಲೀಕರನ್ನೂ ಕೇಳಿದೆ. ಕೆಟ್ಟವರೇನಲ್ಲ. "ನಾನೊಬ್ಬನೇ ಜಾಸ್ತಿ ಕೊಟ್ಟರೆ ಎದುರಿನವರು ರೇಟ್ ಇಳಿಸಿ ನನ್ನ ಗಿರಾಕಿಗಳನ್ನು ಎಳೆದುಕೊಳ್ಳುತ್ತಾರೆ" ಅಂದರು. ಮಾತು ನಿಜ. ಅದಕ್ಕೇ ಕನಿಷ್ಠ ವೇತನ ಕಾನೂನಿನಲ್ಲೇ ಏರಬೇಕು ಅನ್ನುವುದು. ಎಲ್ಲರಿಗೂ ಒಟ್ಟಿಗೆ ಏರಿದರೆ ಒಳ್ಳೆಯ ಮಾಲೀಕರು ಒಬ್ಬರೇ ಸೋಲಬೇಕಾಗಿಲ್ಲ.

ಸಂಬಳ ಏರಿಸಿದರೆ ಇರುವ ಕೆಲಸವೂ ಹೋಗುತ್ತದೆ ಎನ್ನುವವರಿದ್ದಾರೆ. ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಇದನ್ನು ರೆಸ್ಟೋರೆಂಟುಗಳಲ್ಲೇ ಪರೀಕ್ಷಿಸಿ ನೋಡಿದ್ದಾರೆ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಎರಡೂ ಕಡೆಯ ಒಟ್ಟು 410 ಫಾಸ್ಟ್‌ಫುಡ್ ಅಂಗಡಿಗಳನ್ನು, ಏರಿಕೆಗೆ ಮೊದಲೊಮ್ಮೆ ಆಮೇಲೊಮ್ಮೆ ವಿಚಾರಿಸಿ, ಹೋಲಿಸಿ ನೋಡಿದರು. ಸಂಬಳ ಏರಿಸಿದ ಕಡೆ ಕೆಲಸ ಕಡಿಮೆಯಾದದ್ದು ಅವರಿಗೆ ಕಾಣಲಿಲ್ಲ. ಊಟದ ಬೆಲೆ ಸ್ವಲ್ಪ ಏರಿತ್ತು, ಅದನ್ನೂ ಬರೆದಿದ್ದಾರೆ. ಅರ್ಥಶಾಸ್ತ್ರಜ್ಞರು ಇದರ ಮೇಲೆ ವರ್ಷಗಟ್ಟಲೆ ಜಗಳವಾಡಿದರು, ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು. ಜರ್ಮನಿ 2015ರಲ್ಲಿ ಗಂಟೆಗೆ 8.50 ಯೂರೋ ಅಂತ ಮೊದಲ ಸಲ ದೇಶಕ್ಕೆಲ್ಲ ಒಂದೇ ಕನಿಷ್ಠ ವೇತನ ತಂದಾಗಲೂ ಲಕ್ಷಗಟ್ಟಲೆ ಕೆಲಸ ಹೋಗುತ್ತದೆ ಅಂತ ಕೆಲವು ಅರ್ಥಶಾಸ್ತ್ರಜ್ಞರು ಎಚ್ಚರಿಸಿದ್ದರು. ಹಾಗೇನೂ ಆಗಲಿಲ್ಲ.

ಟಿಪ್ಸ್ ಸಿಗುತ್ತದಲ್ಲ ಅನ್ನಬೇಡಿ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಟಿಪ್ಸ್ ಪಡೆಯುವವರಿಗೆ ಮಾಲೀಕರು ಕೈಯಿಂದ ಕೊಡಬೇಕಾದ ಕನಿಷ್ಠ ಮೊತ್ತ ಗಂಟೆಗೆ 2.13 ಡಾಲರ್. 1991ರಿಂದ ಅಲ್ಲೇ ನಿಂತಿದೆ. ಉಳಿದವರ 7.25 ಡಾಲರ್ 2009ರಿಂದ ಅಲುಗಿಲ್ಲ. ಬಾಡಿಗೆ, ಔಷಧಿ, ಬಸ್ ಚಾರ್ಜ್ ಹಾಗೆ ಸುಮ್ನೆ ನಿಲ್ಲುತ್ತವಾ? ಒಂದು ಸಲ ಏರಿಸಿ ಮರೆತರೆ ಬೆಲೆ ಏರಿದಂತೆಲ್ಲ ಸಂಬಳ ಕರಗುತ್ತಾ ಹೋಗುತ್ತದೆ, ಆದ್ದರಿಂದ ಪ್ರತಿ ವರ್ಷ ಬೆಲೆಯ ಜೊತೆಗೇ ಅದೂ ಏರಬೇಕು.

ನನ್ನ ಬಿಲ್ ಸ್ವಲ್ಪ ಜಾಸ್ತಿಯಾದರೆ ಆಗಲಿ, ಕೊಡುತ್ತೇನೆ. ಅವಳು ಎರಡನೇ ಕೆಲಸ ಬಿಟ್ಟು ಎಂಟು ಗಂಟೆ ನಿದ್ದೆ ಮಾಡುವಂತಾದರೆ ಸಾಕು.

ಸ್ಟಾರ್ ಕತ್ತರಿಸಿದ್ದು ಸಂಬಳಕ್ಕೆ, ಸಪ್ಲೈಯರ್‌ಗಳಿಗಲ್ಲ. ರಾತ್ರಿ ಹೋಗುವವರು ಮುಚ್ಚುವುದಕ್ಕೆ ಅರ್ಧ ಗಂಟೆ ಮೊದಲೇ ಎದ್ದುಬಿಡಿ, ಅವರೆಲ್ಲ ಕೊನೆಯ ಬಸ್ ಹಿಡಿಯಬೇಕು.