ವಾಕರ್ರೋ, ಮೂರು ಗಾಲಿಯ ಮರದ ಗಾಡಿಯೋ?

ಮೊದಲೇ ಹೇಳಿಬಿಡುತ್ತೇನೆ, ಮಗು ನಡಿಗೆ ಕಲಿಯಲು ನನ್ನ ಓಟು ಮರದ ಗಾಡಿಗೆ. ಆದರೆ ಮೊದಲು ಮನೆಗೆ ಬಂದದ್ದು ವಾಕರ್, ಮಗು ಒಳಗೆ ಕೂತು ಕಾಲಲ್ಲಿ ನೂಕಿಕೊಂಡು ಓಡಾಡುವ ಗಾಲಿ ಸೀಟು. 2,400 ರೂಪಾಯಿ ಕೊಟ್ಟು ನಾನೇ ಆರಿಸಿ ತಂದದ್ದು, ಹಾಗಾಗಿ ಬೈಯೋಣವೆಂದರೆ ಬೇರೆ ಯಾರೂ ಸಿಗುವುದಿಲ್ಲ. ಆರು ತಿಂಗಳಿಗೇ ಕೂರಿಸಬಹುದು ಎಂದು ಡಬ್ಬದ ಮೇಲೆ ಬರೆದಿತ್ತು. ಅತ್ತೆ ಮಾತ್ರ "ನಮ್ಮ ಮಕ್ಕಳೆಲ್ಲ ಗಾಡಿ ಹಿಡ್ಕೊಂಡೇ ನಡೆದಿದ್ದು ಕಣಮ್ಮ" ಅಂದಿದ್ದರು. ನಾನು ಕೇಳಿಸದವಳಂತೆ ಇದ್ದೆ.

ಮೊದಲ ಎರಡು ವಾರ ಸ್ವರ್ಗ. ರಾಗಿ ಸರಿ ಕೈಬಿಡದೆ ತಿರುವಬೇಕಲ್ಲ, ಆ ಹತ್ತು ನಿಮಿಷ ಮಗಳು ವಾಕರ್‌ನಲ್ಲಿ ಕೂತು ಹಾಲ್ ತುಂಬ ಗರಗರ ಓಡಾಡುತ್ತಿದ್ದಳು. ಎಂಟೂವರೆ ತಿಂಗಳ ಕೂಸು, ನೆಟ್ಟಗೆ ನಿಲ್ಲಲೂ ಬಾರದು, ಆದರೆ ನನಗಿಂತ ಬೇಗ ಬಾಗಿಲು ಮುಟ್ಟುತ್ತಿದ್ದಳು. ವಾಕರ್‌ನಲ್ಲಿರುವ ಮಗು ಒಂದು ಸೆಕೆಂಡಿಗೆ ಮೂರು ಅಡಿಗಿಂತ ಹೆಚ್ಚು ಸಾಗಬಲ್ಲದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಇದನ್ನು ಓದಿದ್ದು ಆಮೇಲೆ. ಎಲ್ಲವನ್ನೂ ಓದಿದ್ದು ಆಮೇಲೆಯೇ.

ನಮ್ಮದು ಮೈಸೂರಿನ ಹಳೇ ಬಾಡಿಗೆ ಮನೆ. ಮುಂಬಾಗಿಲಿಗೆ ಒಳ್ಳೆ ಎತ್ತರದ ಹೊಸ್ತಿಲಿದೆ. ಹಿತ್ತಿಲ ಬಾಗಿಲಿನದನ್ನು ಮಾತ್ರ ಟೈಲ್ಸ್ ಹಾಕಿಸುವಾಗ ಓನರ್ ಕಿತ್ತು ಸಮ ಮಾಡಿಸಿದ್ದಾರೆ. ಅಲ್ಲಿಂದ ಒಂದು ಮೆಟ್ಟಿಲು ಇಳಿದರೆ ಬಟ್ಟೆ ಒಗೆಯುವ ಕಲ್ಲು. ಅವತ್ತು ಒಲೆಯ ಮುಂದೆ ನಿಂತಿದ್ದವಳಿಗೆ ಗಾಲಿಯ ಸದ್ದು ತಟ್ಟನೆ ನಿಂತದ್ದು ಕೇಳಿಸಿತು. ಅರ್ಧ ಕ್ಷಣ ಏನೂ ಇಲ್ಲ, ಆಮೇಲೆ ಚೀರಾಟ. ವಾಕರ್ ಮುಂದಕ್ಕೆ ಮಗುಚಿ ಒಗೆಯುವ ಕಲ್ಲಿಗೆ ಆತುಕೊಂಡಿತ್ತು. ಹಣೆಯ ಮೇಲೆ ನೆಲ್ಲಿಕಾಯಿ ಗಾತ್ರದ ಬುಗುಟು, ತುಟಿ ಒಡೆದಿತ್ತು. ಅಷ್ಟರಲ್ಲೇ ಮುಗಿಯಿತು.

ನನ್ನ ತಲೆ ಕೆಡಿಸಿದ್ದು ಇದಾದ ಮೇಲೆ. ಆ ವಾಕರ್‌ಗೆ 'ಮೆಟ್ಟಿಲು ಸುರಕ್ಷೆ' ಇತ್ತು! ತಳದ ಸುತ್ತ ರಬ್ಬರ್ ಪಟ್ಟಿಗಳು. ಮುಂದಿನ ಗಾಲಿ ಮೆಟ್ಟಿಲಿನಿಂದ ಜಾರಿದ ಕೂಡಲೇ ತಳ ನೆಲಕ್ಕೆ ಕೂರಬೇಕು, ಪಟ್ಟಿ ಕಚ್ಚಿಕೊಂಡು ವಾಕರ್ ನಿಲ್ಲಬೇಕು. ಅಮೆರಿಕದಲ್ಲಿ 1997ರ ಮಾನದಂಡದಿಂದ ಬಂದ ಉಪಾಯವಂತೆ: ಒಂದೋ ವಾಕರ್ 36 ಇಂಚಿನ ಬಾಗಿಲಿನಲ್ಲಿ ತೂರದಷ್ಟು ಅಗಲವಿರಬೇಕು, ಇಲ್ಲವೇ ಮೆಟ್ಟಿಲಂಚಿನಲ್ಲಿ ಹೀಗೆ ನಿಲ್ಲಬೇಕು. ಹಾಗಾದರೆ ನಮ್ಮದು ಯಾಕೆ ನಿಲ್ಲಲಿಲ್ಲ?

ಮಗುಚಿ ಹಾಕಿ ನೋಡಿದೆ. ಪಟ್ಟಿಗಳು ಸುಣ್ಣ ಬಳಿದಂತೆ ಬೆಳ್ಳಗಿದ್ದವು. ರಂಗೋಲಿ ಪುಡಿ! ಮಗಳಿಗೆ ಮುಂಬಾಗಿಲ ಹೊಸ್ತಿಲವರೆಗೂ ಹೋಗಿ ಡಿಕ್ಕಿ ಹೊಡೆದು ಬರುವುದೆಂದರೆ ಇಷ್ಟ, ಅಲ್ಲಿ ನಾನು ಬೆಳಗ್ಗೆ ಎಳೆದ ರಂಗೋಲಿ ಇರುತ್ತಿತ್ತು. ಅದರ ಮೇಲೆ ಸ್ನಾನವಾದ ಮೇಲಿನ ಪೌಡರ್, ಗಾಲಿಗೆ ಸುತ್ತಿಕೊಂಡ ನನ್ನ ಕೂದಲು. ಪಟ್ಟಿ ಕಚ್ಚುವುದು ಹೇಗೆ?

ಹಠಕ್ಕೆ ಬಿದ್ದು ಸೋಪು ಹಾಕಿ ತೊಳೆದೆ. ಸೀಟಿನಲ್ಲಿ ಅಕ್ಕಿ ಚೀಲ ಕೂರಿಸಿ ಅದೇ ಬಾಗಿಲಿಗೆ ನೂಕಿದೆ. ಮೆಲ್ಲಗೆ ನೂಕಿದರೆ ನಿಂತಿತು. ಜೋರಾಗಿ, ಸ್ವಲ್ಪ ಓರೆಯಾಗಿ ನೂಕಿದರೆ ಒಂದು ಮೂಲೆ ಮೊದಲು ಇಳಿದು ಜಾರಿಹೋಯಿತು. ನೆಲ ಒರೆಸಿದ ಹಸಿಯಲ್ಲಂತೂ ಕೇಳಲೇಬೇಡಿ. ನಮ್ಮ ನೆಲಕ್ಕೆ, ನಮ್ಮ ಬಾಗಿಲಿಗೆ ಆ ಪಟ್ಟಿ ಇದ್ದೂ ಇಲ್ಲದಂತೆ.

ಕೆನಡಾ 2004ರಲ್ಲೇ ವಾಕರ್‌ಗಳನ್ನು ಪೂರ್ತಿ ನಿಷೇಧಿಸಿದೆ, ಬಳಸಿದ್ದನ್ನು ಮಾರುವುದೂ ತಪ್ಪು. ಅಮೆರಿಕದಲ್ಲಿ 1990ರಿಂದ 2014ರವರೆಗೆ ವಾಕರ್‌ನಿಂದ ಪೆಟ್ಟಾಗಿ ತುರ್ತು ಚಿಕಿತ್ಸೆಗೆ ಬಂದ, ಹದಿನೈದು ತಿಂಗಳೊಳಗಿನ ಮಕ್ಕಳ ಅಂದಾಜು ಸಂಖ್ಯೆ 2 ಲಕ್ಷ 30 ಸಾವಿರ ದಾಟುತ್ತದೆ. ಮುಕ್ಕಾಲು ಪಾಲು ಮೆಟ್ಟಿಲಿನಿಂದ ಬಿದ್ದವರು. ನಡಿಗೆ ಬೇಗ ಬರುತ್ತದೆ ಎನ್ನುವುದೂ ಸುಳ್ಳು. ಕೂತು ತುದಿಗಾಲಲ್ಲಿ ಒದೆಯುವುದಕ್ಕೂ ನಡೆಯುವುದಕ್ಕೂ ಏನು ಸಂಬಂಧ?

ಇನ್ನು ಗಾಡಿ. ಚನ್ನಪಟ್ಟಣದಲ್ಲಿ ಬಸ್ ಇಳಿದು ತಂದದ್ದು, 750 ರೂಪಾಯಿ. ಮಗು ತಾನಾಗಿ ಎದ್ದು ನಿಂತರೆ ಮಾತ್ರ ಇದರ ಕೋಲು ಕೈಗೆ ಸಿಗುತ್ತದೆ, ಕೂತರೆ ಗಾಡಿಯೂ ನಿಲ್ಲುತ್ತದೆ. ನನಗೆ ಬೇಕಾದ ಸುರಕ್ಷೆ ಇಷ್ಟೇ. ನಮ್ಮವಳು ಅದನ್ನು ಮುಟ್ಟಿದ್ದು ಹನ್ನೊಂದು ತಿಂಗಳಿಗೆ.

ಬಣ್ಣ ಅರಗಿನದು. ಮರ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ. ಹಲ್ಲು ಬರುವಾಗ ಕೋಲನ್ನು ಕಬ್ಬಿನಂತೆ ಕಚ್ಚಿದಳು, ಚಕ್ಕೆ ಎದ್ದಿಲ್ಲ.

2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಆದರೆ ಜಿಐ (ಊರಿನ ಹೆಸರಿನ ಕಸುಬಿಗೆ ಕೊಡುವ ಭೌಗೋಳಿಕ ಗುರುತು) ನೋಂದಣಿಯಿರುವ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ನಮ್ಮ ಗಾಡಿಯ ಮೇಲೆ ಗುರುತಿಲ್ಲ, ಅಂಗಡಿಯಲ್ಲೇ ಕೂತು ನಾನೇ ತಡವಿ ನೋಡಿದೆ. ಮೊಳೆಯ ತಲೆ ಎದ್ದಿದೆಯೇ, ಗಾಲಿಯ ಬೆಣೆ ಅಲುಗುತ್ತದೆಯೇ. ಗಾಲಿಗೂ ಚೌಕಟ್ಟಿಗೂ ನಡುವಿನ ಸಂದಿ ಮುಖ್ಯ: 5 ಮಿಲಿಮೀಟರ್ ಕಡ್ಡಿ ತೂರುವಂತಿದ್ದರೆ 12 ಮಿಲಿಮೀಟರಿನದೂ ತೂರಬೇಕು ಎನ್ನುವುದು ಆಟಿಕೆಗಳ ನಿಯಮ. ನಡುವಿನ ಅಳತೆಯಾದರೆ ಬೆರಳು ಹೋಗಿ ಸಿಕ್ಕಿಕೊಳ್ಳುತ್ತದೆ. ಪೆನ್ಸಿಲ್ ಹೋಗಿ ನನ್ನ ಕಿರುಬೆರಳು ಹೋಗದ ಒಂದು ಗಾಡಿಯನ್ನು ವಾಪಸ್ ಇಟ್ಟು ಬೇರೆಯದನ್ನು ತಂದೆ.

ಇದಕ್ಕೂ ಒಂದು ಕಾಟವಿದೆ. ಟೈಲ್ಸ್ ಮೇಲೆ ಹಗುರ ಗಾಡಿ ಓಡಿಹೋಗುತ್ತದೆ, ಮಗು ಹಿಂದೆಯೇ ಮುಗ್ಗರಿಸುತ್ತದೆ. ಮಾವ ಸೈಕಲ್ ಟ್ಯೂಬಿನ ಉಂಗುರ ಕತ್ತರಿಸಿ ಮೂರೂ ಗಾಲಿಗೆ ತೊಡಿಸಿದರು. ಓಟ ತಗ್ಗಿತು, ಅವರ ಮಧ್ಯಾಹ್ನದ ನಿದ್ದೆಗೂ ಅನುಕೂಲವಾಯಿತು. ಉಂಗುರ ಸಡಿಲವಾಗಿ ಬಾಯಿಗೆ ಹೋಗದಿರಲಿ ಎಂದು ವಾರಕ್ಕೊಮ್ಮೆ ಎಳೆದು ನೋಡುತ್ತೇನೆ.

ಗಾಡಿ ಮಗುವನ್ನು ನೋಡಿಕೊಳ್ಳುವುದಿಲ್ಲ, ಹಿಂದೆ ಒಬ್ಬರು ಇರಲೇಬೇಕು. ಒಲೆ ಮುಂದಿನ ಹತ್ತು ನಿಮಿಷಕ್ಕೆ ಈಗ ಹಾಲ್‌ನಲ್ಲಿ ಚಾಪೆ, ಎರಡು ಸ್ಟೀಲ್ ಪಾತ್ರೆ, ಒಂದು ಸೌಟು. ಹಿತ್ತಿಲ ಬಾಗಿಲಿಗೆ ಸೊಂಟದೆತ್ತರ ಹಲಗೆ. ಮನೆ ತುಂಬ ಜನವಿದ್ದು ಮೆಟ್ಟಿಲೇ ಇಲ್ಲದವರು ವಾಕರ್ ಚೆನ್ನಾಗಿದೆ ಅನ್ನಬಹುದು. ಬೆಳಗ್ಗೆ ಅಡುಗೆಮನೆಯಲ್ಲಿ ಒಬ್ಬಳೇ ಇರುವ ನನ್ನಂಥವಳಿಗೆ ಅದು ಆಗದು.

ಹಳೇದನ್ನು ಯಾರಿಗೂ ಕೊಡಲು ಮನಸ್ಸಾಗಲಿಲ್ಲ. ಗುಜರಿಯವನು ತಿರುಗಿಸಿ ನೋಡಿ "ಚೆನ್ನಾಗೇ ಇದೆಯಲ್ಲಕ್ಕ, ನೂರೈವತ್ತು ಕೊಡ್ತೀನಿ" ಅಂದ. ಗಾಲಿ ಕಿತ್ತು ಕೊಟ್ಟೆ. ತೂಕಕ್ಕೆ 30 ರೂಪಾಯಿ ಸಿಕ್ಕಿತು.