ಕಾಲಿನ ಹುಣ್ಣಿನ ಆರೈಕೆ ತರಬೇತಿ: ಬ್ಯಾಂಡೇಜ್ ಪಾಠಕ್ಕಾಗಿಯಾದರೂ ಹೋಗಿ

ವಾಸಿಯಾಗದ ಕಾಲಿನ ಹುಣ್ಣು ನೋಡಿಕೊಳ್ಳುವ ನರ್ಸ್‌ಗಳು ಮತ್ತು ಆರೈಕೆ ಸಿಬ್ಬಂದಿಗೆ ಅಂತ ಇಟ್ಟಿದ್ದ ತರಬೇತಿಗೆ ಹೋಗಿದ್ದೆ. ಒಟ್ಟಾರೆ ಚೆನ್ನಾಗಿತ್ತು. ಮೂರು ವಿಷಯಕ್ಕೆ ಮಾತ್ರ ಬೇಜಾರಿದೆ.

ಮೊದಲು ಚೆನ್ನಾಗಿದ್ದದ್ದು ಹೇಳುತ್ತೇನೆ. ಬ್ಯಾಂಡೇಜನ್ನು ನಮ್ಮ ನಮ್ಮ ಕಾಲಿಗೇ ಕಟ್ಟಿಸಿದರು, ಅದೂ ಅಡಿಯಲ್ಲಿ ಒತ್ತಡ ತೋರಿಸುವ ಸೆನ್ಸರ್ ಇಟ್ಟು. ಹರಡಿನ ಹತ್ತಿರ 40 ಎಂಎಂ ಪಾದರಸದಷ್ಟು ಒತ್ತಡ ಬರಬೇಕು. ವರ್ಷಗಟ್ಟಲೆ ಅನುಭವ ಇದ್ದವರ ಕೈಯಲ್ಲೂ ಒಬ್ಬರದು ತೀರಾ ಸಡಿಲ, ಇನ್ನೊಬ್ಬರದು ವಿಪರೀತ ಬಿಗಿ. ಒಂದೇ ಎಳೆತದಲ್ಲಿ ಸುತ್ತಿದರೂ ಸಣ್ಣ ಕಾಲಿನ ಮೇಲೆ ಒತ್ತಡ ಜಾಸ್ತಿ ಬೀಳುತ್ತದೆ, ಹಾಗಾಗಿ ಹರಡಿನ ಸುತ್ತಳತೆ 18 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಒಳಗೆ ಹತ್ತಿಯ ಪದರ ಹೆಚ್ಚು ಹಾಕಬೇಕು ಅನ್ನೋದು ಪುಸ್ತಕ ಓದಿ ಕೈಗೆ ಬರೋದಲ್ಲ, ಅಲ್ವಾ?

ಕಾರಣವನ್ನೂ ಬಿಡಿಸಿ ಹೇಳಿದರು. ಈ ಹುಣ್ಣುಗಳಲ್ಲಿ ಹೆಚ್ಚಿನವು ರಕ್ತನಾಳದ ಕವಾಟ ಕೆಟ್ಟು ರಕ್ತ ಮೇಲಕ್ಕೆ ಹೋಗದೆ ಕಾಲಲ್ಲೇ ನಿಲ್ಲುವುದರಿಂದ ಬರುತ್ತವೆ. ಬಿಗಿ ಕಟ್ಟೇ ಅದಕ್ಕೆ ಮುಖ್ಯ ಮದ್ದು. ಸೋಂಕಿನ ಲಕ್ಷಣ ಇಲ್ಲದಿದ್ದರೆ ಆಂಟಿಬಯಾಟಿಕ್ ಸುಮ್ನೆ ಕೊಡಬೇಡಿ ಅಂತ ಖಡಾಖಂಡಿತವಾಗಿ ಹೇಳಿದ್ದು ನನಗೆ ಬಹಳ ಹಿಡಿಸಿತು.

ಈಗ ಬೇಜಾರಿನ ವಿಷಯ. ಡಾಪ್ಲರ್, ಅಂದರೆ ನಾಳದಲ್ಲಿ ರಕ್ತ ಹರಿಯುವುದನ್ನು ಶಬ್ದವಾಗಿ ಕೇಳಿಸುವ ಯಂತ್ರ, ಅದರ ಪಾಠವನ್ನು ಓಡಿಸಿಬಿಟ್ಟರು. ಕಾಲಿಗೆ ರಕ್ತ ಸರಿಯಾಗಿ ಇಳಿಯದವರಿಗೆ ಬಿಗಿ ಕಟ್ಟಿದರೆ ಕಾಲೇ ಹೋಗಬಹುದು. ಅದಕ್ಕೇ ಹರಡಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ ನೋಡೋದು. 0.8ರಿಂದ 1.3ರೊಳಗೆ ಬಂದರೆ ಸಾಮಾನ್ಯವಾಗಿ ಪೂರ್ತಿ ಬಿಗಿ ಕಟ್ಟಬಹುದು. 0.5ಕ್ಕಿಂತ ಕೆಳಗಿದ್ದರೆ ಕಟ್ಟದೆ ತಕ್ಷಣ ರಕ್ತನಾಳದ ಡಾಕ್ಟರ್ ಹತ್ತಿರ ಕಳಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಟ್ಟಿಯಾಗಿ ಸಂಖ್ಯೆ ಇರೋದಕ್ಕಿಂತ ಹೆಚ್ಚು ಬರಬಹುದು, ಅದನ್ನು ನೋಡಿ ಎಲ್ಲ ಸರಿ ಇದೆ ಅಂದುಕೊಂಡರೆ ಅಪಾಯ. ಇಷ್ಟು ಮುಖ್ಯವಾದ ಪಾಠಕ್ಕೆ ಇಡೀ ತಂಡಕ್ಕೆ ಒಂದೇ ಯಂತ್ರ! ಶಬ್ದ ಹಿಡಿಯಲು ಕೆಲವರಿಗೆ ಅವಕಾಶವೇ ಸಿಗಲಿಲ್ಲ.

ಕವಾಟ ಕೆಟ್ಟ ನಾಳಕ್ಕೆ ಬೇಗ ಚಿಕಿತ್ಸೆ ಮಾಡಿಸುವ ವಿಷಯವೂ ಒಂದೇ ಸ್ಲೈಡಿಗೆ ಮುಗಿಯಿತು. 2018ರಲ್ಲಿ ಪ್ರಕಟವಾದ ಎವ್ರಾ ಅಧ್ಯಯನದಲ್ಲಿ ಬೇಗ ಚಿಕಿತ್ಸೆ ಪಡೆದವರಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನದೊಳಗೆ ವಾಸಿಯಾಗಿತ್ತು, ತಡವಾದವರಲ್ಲಿ ಅದಕ್ಕೆ 82 ದಿನ ಹಿಡಿಯಿತು. ಯಾರನ್ನು ಯಾವಾಗ ಕಳಿಸಬೇಕು ಅಂತ ಸಿಬ್ಬಂದಿಗೆ ಗೊತ್ತಿರಬೇಕಲ್ಲ.

ಇನ್ನೊಂದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಮಧ್ಯಾಹ್ನದ ಮೇಲೆ ಆರೈಕೆ ಸಿಬ್ಬಂದಿಯನ್ನು ಮನೆಗೆ ಕಳಿಸಿದರು. ದಿನಾ ಕಾಲು ತೊಳೆದು ಕ್ರೀಮ್ ಹಚ್ಚೋರು, ಬೆರಳು ನೀಲಿಯಾಗಿದೆ, ನೋವು ಹೆಚ್ಚಾಗಿದೆ ಅಂತ ಮೊದಲು ಗಮನಿಸೋರು ಅವರೇ. ಕಟ್ಟನ್ನು ಯಾವಾಗ ತಕ್ಷಣ ಬಿಚ್ಚಿಸಬೇಕು ಅನ್ನೋದನ್ನಾದರೂ ಅವರಿಗೆ ಕಲಿಸಬೇಕಿತ್ತು.

ಸೇರುವ ಮುಂಚೆ ಡಾಪ್ಲರ್ ಎಷ್ಟಿವೆ, ಆಮೇಲೆ ವಾರ್ಡಿಗೆ ಬಂದು ನಮ್ಮ ಕೈಕೆಲಸ ನೋಡುತ್ತಾರಾ ಅಂತ ಕೇಳಿಕೊಳ್ಳಿ.